ನೆರೆ ಬಂದ ಊರಿನಲ್ಲಿ ಒಂಟಿಯಾಗಿ ಸಿಕ್ಕ ಮಕ್ಕಳನ್ನು ಸರ್ಕಾರಿ ಬಾಲಮಂದಿರಕ್ಕೆ ಸೇರಿಸಬೇಕೇ, ಖಾಸಗಿ ಸಂಸ್ಥೆಗೆ ಸೇರಿಸಬೇಕೇ?

ಸಮಾಜಕಾರ್ಯದ ಪದವಿ ಮುಗಿಸಿ ಮೊದಲ ಬಾರಿಗೆ ಕಾಳಜಿ ಕೇಂದ್ರಕ್ಕೆ ಹೊರಟಿರುವ ನೀವು, ಅನಾಥ ಮಕ್ಕಳನ್ನು ಬೇಗ ಗುರುತಿಸಿ ಇವೆರಡರಲ್ಲಿ ಎಲ್ಲಿಗೆ ಸೇರಿಸಿದರೆ ಒಳ್ಳೆಯದೆಂದು ಕೇಳಿದ್ದೀರಿ. 2009ರ ಅಕ್ಟೋಬರಿನಲ್ಲಿ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ತುಮಕೂರಿನಿಂದ ಬಾಗಲಕೋಟೆಯ ಕಡೆಗೆ ರಾತ್ರಿ ಬಸ್ಸು ಹತ್ತಿದ್ದೆ. ಅದಕ್ಕೆ ಉತ್ತರವೂ ನನ್ನ ಬಳಿ ಸಿದ್ಧವಿತ್ತು. ಇಬ್ಬರು ಮಕ್ಕಳು ಮತ್ತು ಒಬ್ಬ ತಾಯಿ ಆ ಉತ್ತರದ ಬೆಲೆ ತೆತ್ತರು.

ಆ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಗೆ, ಬರದ ನಾಡೆಂದೇ ಹೆಸರಾದ ರಾಯಚೂರು, ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳು ನೀರಿನಲ್ಲಿ ನಿಂತಿದ್ದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಹೊಳೆಯ ನೀರು ನುಗ್ಗಿದ್ದು ಒಂದು ಕಡೆಯಾದರೆ, ನೆನೆದು ನೆನೆದು ಮಣ್ಣಿನ ಮಾಳಿಗೆಯ ಮನೆಗಳು ಕುಸಿದದ್ದು ಇನ್ನೊಂದು ಕಡೆ. ಮಲಪ್ರಭೆಯ ದಂಡೆಯ ಒಂದು ಊರಿನ ಜನರನ್ನು ಇರಿಸಿದ್ದ ಗಂಜಿ ಕೇಂದ್ರದಲ್ಲಿ ನನಗೆ ಆ ಅಕ್ಕ-ತಮ್ಮ ಸಿಕ್ಕರು. ಅವಳಿಗೆ ಹತ್ತು, ಅವನಿಗೆ ಏಳು. ಗೋಡೆ ಬಿದ್ದು ಕಾಲು ಮುರಿದಿದ್ದ ಅವರ ಅಜ್ಜಿಯನ್ನು ಟ್ರ್ಯಾಕ್ಟರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿದ್ದರು. ಬಾಜೂ ಮನೆಯ ಹೆಂಗಸೊಬ್ಬಳು ತನ್ನ ಮೂರು ಮಕ್ಕಳ ಜೊತೆ ಇವರಿಗೂ ಉಣಿಸುತ್ತಿದ್ದಳು.

ಹುಡುಗಿಯನ್ನು ಕೂರಿಸಿಕೊಂಡು ನಮೂನೆ ತುಂಬಲು ತೊಡಗಿದೆ. ಅಪ್ಪ ಎಂದೆ. "ಅಪ್ಪ ಇಲ್ರೀ" ಎಂದಳು. ಅವ್ವ ಎಂದೆ. "ಅವ್ವನೂ ಇಲ್ರೀ" ಎಂದಳು. ಪಕ್ಕದಲ್ಲಿದ್ದ ಆ ಹೆಂಗಸಿನ ಮುಖ ನೋಡಿದೆ. "ಅಪ್ಪ ತೀರಿ ಎರಡ ವರ್ಸಾತ್ರಿ" ಎಂದು ಅವಳು ಹೇಳುವಷ್ಟರಲ್ಲಿ ಗಂಜಿಯ ಸಾಲಿನಲ್ಲಿ ಅವಳ ಸರದಿ ಬಂದು, ತಾಟು ಹಿಡಿದು ಎದ್ದು ಹೋದಳು. ನಾನು ತಾಯಿಯ ಕಲಮಿನಲ್ಲೂ ತಂದೆಯ ಕಲಮಿನಲ್ಲೂ ‘ಮೃತ’ ಎಂದು ಬರೆದೆ.

ನನ್ನ ತಪ್ಪು ಇಷ್ಟೇ, ಒಂದೇ ಪದ. ಆದರೂ ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. ಕನ್ನಡದಲ್ಲಿ ‘ಇಲ್ಲ’ ಎಂದರೆ ಸತ್ತಿದ್ದಾರೆ ಎಂದೂ ಆಗುತ್ತದೆ, ಇಲ್ಲಿಲ್ಲ ಎಂದೂ ಆಗುತ್ತದೆ. ಬಾಗಿಲಿಗೆ ಬಂದವರಿಗೆ ಅಪ್ಪ ಇಲ್ಲ ಎನ್ನುವ ಮಗು ಅಪ್ಪನನ್ನು ಸಾಯಿಸುವುದಿಲ್ಲ. ಆ ಹುಡುಗಿ ಸತ್ತ ಅಪ್ಪನಿಗೂ ಗೋವಾಕ್ಕೆ ದುಡಿಯಲು ಹೋಗಿದ್ದ ಅವ್ವನಿಗೂ ಒಂದೇ ಪದವನ್ನು ಬಳಸಿದಳು, ಏಕೆಂದರೆ ನಾನು ಕೇಳಿದ ಪ್ರಶ್ನೆಗೆ ಎರಡಕ್ಕೂ ಅದೇ ಸರಿಯಾದ ಉತ್ತರವಾಗಿತ್ತು. ಇದು ಉತ್ತರ ಕರ್ನಾಟಕದ ಮಾತು ತಿಳಿಯದೆ ಆದ ತಪ್ಪಲ್ಲ. ನಮ್ಮ ತುಮಕೂರಿನಲ್ಲೂ ಹಾಗೆಯೇ ಹೇಳುತ್ತೇವೆ. ‘ಎಲ್ಲಿಗೆ ಹೋಗಿದ್ದಾಳೆ’ ಎಂಬ ಎರಡನೆಯ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಏಕೆಂದರೆ ಅನಾಥ ಮಕ್ಕಳನ್ನು ಹುಡುಕಲೆಂದೇ ಬಂದಿದ್ದ ನನಗೆ ಅನಾಥ ಮಕ್ಕಳು ಸಿಕ್ಕಿದ್ದರು. ಆ ಭಾಗದ ಎಷ್ಟೋ ಮನೆಗಳಲ್ಲಿ ದುಡಿಯುವ ವಯಸ್ಸಿನವರು ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತವೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಪಡೆದಿದ್ದವನು.

ಕಾನೂನು 24 ಗಂಟೆಯೊಳಗೆ ಇಂಥ ಮಗುವನ್ನು, ಅದು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆನ್ನುತ್ತದೆ, ಪ್ರಯಾಣದ ಸಮಯವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಆ ಗಡುವನ್ನೇ ಹಿಡಿದು ಜೀಪು ಹತ್ತಿಸಿದೆ. ಹಾಜರುಪಡಿಸುವುದೆಂದರೆ ಸಂಸ್ಥೆಗೆ ಸೇರಿಸುವುದಲ್ಲ, ಸಂಬಂಧಿಕರ ಬಳಿಯೋ ಯೋಗ್ಯ ವ್ಯಕ್ತಿಯೊಬ್ಬರ ಬಳಿಯೋ ಬಿಡುವ ಅಧಿಕಾರವೂ ಸಮಿತಿಗಿದೆ ಎಂಬುದು ಗೊತ್ತಿದ್ದೂ, ಉಣಿಸುತ್ತಿದ್ದ ಆ ಹೆಂಗಸಿನ ಹೆಸರನ್ನು ವರದಿಯಲ್ಲಿ ಬರೆಯಲಿಲ್ಲ. ಸಮಿತಿಯವರ ಮುಂದಿದ್ದದ್ದು ನನ್ನ ಕೈಬರಹ ಮಾತ್ರ. ಅದನ್ನು ಓದಿದ ಯಾರೇ ಆದರೂ ಅದೇ ಆದೇಶ ಕೊಡುತ್ತಿದ್ದರು. ಹುಡುಗಿ ಬಾಲಕಿಯರ ಬಾಲಮಂದಿರಕ್ಕೆ ಹೋದಳು, ಹುಡುಗ ಪಕ್ಕದ ಜಿಲ್ಲೆಯ ಬಾಲಕರ ಬಾಲಮಂದಿರಕ್ಕೆ ಹೋದ. ಜೀಪಿನಲ್ಲಿ ಅವನು ಅಕ್ಕನ ಲಂಗದ ಅಂಚನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದುಕೊಂಡಿದ್ದ. ಅದನ್ನು ಬಿಡಿಸಿದವನೂ ನಾನೇ.

ನಾಲ್ಕು ದಿನಗಳ ಮೇಲೆ ತಾಯಿ ಊರಿಗೆ ಬಂದಳು. ಅವಳ ಮೇಸ್ತ್ರಿಯ ಫೋನ್ ನಂಬರನ್ನು ಮನೆಯ ಒಳಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದರಂತೆ. ಆ ಗೋಡೆಯೇ ಬಿದ್ದಿತ್ತು. ಪಡಿತರ ಚೀಟಿ ಮಣ್ಣಿನಡಿ ಹೋಗಿತ್ತು. ದಸರಾ ರಜೆಗೆ ಊರಿಗೆ ಹೋಗಿದ್ದ ಹೆಡ್‌ಮಾಸ್ತರರು ತಿರುಗಿ ಬರುವಷ್ಟರಲ್ಲಿ ಶಾಲೆಯ ದಾಖಲಾತಿ ಪುಸ್ತಕ ನೆನೆದು ಮುದ್ದೆಯಾಗಿತ್ತು. ಇಂಥ ಸ್ಥಿತಿಯಲ್ಲಿ, ಸರ್ಕಾರಿ ಕಡತದಲ್ಲಿ ಸತ್ತಿರುವ ಹೆಂಗಸು ತಾನು ಬದುಕಿದ್ದೇನೆಂದೂ ತಾನೇ ಆ ಮಕ್ಕಳ ತಾಯಿಯೆಂದೂ ಸಾಬೀತುಪಡಿಸಲು ಎರಡು ಜಿಲ್ಲೆಗಳ ಕಚೇರಿಗಳನ್ನು ಸುತ್ತಿದಳು. ಕೊನೆಗೆ ದಾರಿ ತೆರೆದದ್ದು ಅಜ್ಜಿಯ ಹೇಳಿಕೆ. ಮೊದಲ ದಿನವೇ ಆಸ್ಪತ್ರೆಗೆ ಹೋಗಿದ್ದರೆ ಹತ್ತು ನಿಮಿಷದಲ್ಲಿ ಸಿಗುತ್ತಿದ್ದ ಆ ಹೇಳಿಕೆಯನ್ನು ಪಡೆದದ್ದು ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ನಾನು ಬೇರೆ ತಾಲ್ಲೂಕಿಗೆ ಹೋಗಿದ್ದೆ, ಮಕ್ಕಳು ಬಾಲಮಂದಿರ ಸೇರಿದ ದಿನವೇ ಕಡತದ ಮೇಲೆ ‘ಮುಕ್ತಾಯ’ ಎಂದು ಬರೆದು ಕಟ್ಟಿಟ್ಟಿದ್ದೆ.

2010ರ ಫೆಬ್ರವರಿಯಲ್ಲಿ ಮಕ್ಕಳನ್ನು ಒಪ್ಪಿಸುವಾಗ ನಾನೂ ಹೋಗಿದ್ದೆ. ಹುಡುಗ ತಾಯಿಯನ್ನು ಕಂಡು ಅಡುಗೆಯವರ ಬೆನ್ನ ಹಿಂದೆ ಸರಿದು ನಿಂತ. ಅವಳು ಅವನನ್ನು ಕರೆಯಲಿಲ್ಲ, ನನ್ನ ಕಡೆ ತಿರುಗಿ, "ನೀವಽ ಏನ್ರಿ ಬರದವ್ರು?" ಎಂದಳು. ಹೌದೆಂದೆ. ಮತ್ತೇನನ್ನೂ ಅವಳು ಕೇಳಲಿಲ್ಲ. ಹೈಟಿಯ ಭೂಕಂಪದ ನಂತರ 33 ಮಕ್ಕಳನ್ನು ಅನಾಥರೆಂದು ಗಡಿ ದಾಟಿಸಲು ಹೊರಟಿದ್ದ ಅಮೆರಿಕದ ಹತ್ತು ಮಂದಿಯನ್ನು ಬಂಧಿಸಿದ ಸುದ್ದಿ ಆಗಷ್ಟೇ ಪತ್ರಿಕೆಗಳಲ್ಲಿ ಬರುತ್ತಿತ್ತು; ಆ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ತಂದೆಯೋ ತಾಯಿಯೋ ಇದ್ದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಬೈಯುತ್ತಿದ್ದಾಗ ನಾನು ಬಾಯಿ ತೆರೆಯಲಿಲ್ಲ. ನನ್ನ ಬಳಿ ಜೀಪೂ ಮೊಹರೂ ಇದ್ದವು, ಅಷ್ಟೇ ವ್ಯತ್ಯಾಸ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಸಿಗುವ ಮಕ್ಕಳಲ್ಲಿ ಹೆಚ್ಚಿನವರು ಅನಾಥರಾಗಿರುವುದಿಲ್ಲ. ತುರ್ತು ಸಂದರ್ಭಗಳಲ್ಲಿ ಮಕ್ಕಳ ರಕ್ಷಣೆ ಮಾಡುವವರು 2004ರಿಂದಲೂ ಒಪ್ಪಿಕೊಂಡಿರುವ ಮಾರ್ಗಸೂಚಿಗಳಲ್ಲಿ, ಯಾವ ದೊಡ್ಡವರ ಆಸರೆಯೂ ಇಲ್ಲದ ಮಗು ಬೇರೆ, ತಂದೆ-ತಾಯಿಯಿಂದ ಬೇರ್ಪಟ್ಟು ಬಂಧುಗಳ ಜೊತೆಗಿರುವ ಮಗು ಬೇರೆ. ‘ಅನಾಥ’ ಎಂಬುದು ಹುಡುಕಾಟ ಮುಗಿದ ಮೇಲೆ ಬರೆಯುವ ಪದ, ಮೊದಲ ದಿನ ಬರೆಯುವುದಲ್ಲ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಗೆ ಸೇರಿಸುವುದನ್ನು ಕೊನೆಯ ಉಪಾಯವೆಂದೇ ಹೇಳುತ್ತದೆ. ಬಾಲಮಂದಿರವೋ ಖಾಸಗಿ ಸಂಸ್ಥೆಯೋ ಎಂದು ತೂಗಿ ನೋಡಲು ನನಗೆ ಮನಸ್ಸಿಲ್ಲ; ಅಲ್ಲಿಗೆ ತಲುಪುವ ಮೊದಲು ನೀವು ಸುತ್ತಬೇಕಾದ ಊರುಗಳು ಬಹಳ ಇವೆ. ಒಬ್ಬ ಕಾರ್ಯಕರ್ತನ ಕೈಯಲ್ಲಿ 25ಕ್ಕಿಂತ ಹೆಚ್ಚು ಪ್ರಕರಣಗಳಿರಬಾರದೆಂದು ಅಂತಾರಾಷ್ಟ್ರೀಯ ಕನಿಷ್ಠ ಮಾನದಂಡಗಳು ಹೇಳುತ್ತವೆ. ನನ್ನ ಬಳಿ 60 ದಾಟಿದ್ದವು, ಅದನ್ನೊಂದು ಹೆಮ್ಮೆಯೆಂದುಕೊಂಡಿದ್ದೆ. ಮೇಲಿನವರು ಹೆಚ್ಚು ಕೊಟ್ಟರೆ ಜಗಳವಾಡಿ.

ಉಣಿಸುತ್ತಿರುವವರು ಯಾರೆಂದು ಮೊದಲು ನೋಡಿ, ಅವರ ಹೆಸರು ವರದಿಯ ಮೊದಲ ಪುಟದಲ್ಲೇ ಇರಲಿ. ಆಸ್ಪತ್ರೆಗೆ ಹೋದವರು ಯಾರು, ಯಾವ ವಾರ್ಡು ಎಂದು ಅದೇ ದಿನ ಹೋಗಿ ತಿಳಿದುಕೊಳ್ಳಿ. ಅಕ್ಕ-ತಮ್ಮಂದಿರನ್ನು ಅಗಲಿಸುವ ಆದೇಶ ಬರುವಂತಿದ್ದರೆ ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಿ, ವರದಿಯಲ್ಲೂ ಬರೆಯಿರಿ. ಮಗುವನ್ನು ‘ಇದ್ದಾರೆಯೇ’ ಎಂದು ಕೇಳಬೇಡಿ. ಅವ್ವ ಕೊನೆಯ ಸಲ ಯಾವ ಹಬ್ಬಕ್ಕೆ ಬಂದಿದ್ದಳು, ಬರುವಾಗ ಏನು ತಂದಿದ್ದಳು, ಯಾರ ಜೊತೆ ತಿರುಗಿ ಹೋದಳು ಎಂದು ಕೇಳಿ. ಆ ಹುಡುಗಿಯನ್ನು ಫೆಬ್ರವರಿಯಲ್ಲಿ ನಾನು ಹೀಗೆಯೇ ಕೇಳಿದಾಗ, ಪಂಚಮಿಗೆ ಬಂದಿದ್ದಳೆಂದೂ ತಮ್ಮನಿಗೆ ನೀಲಿ ಚಡ್ಡಿ ತಂದಿದ್ದಳೆಂದೂ ಒಂದೇ ಉಸಿರಿನಲ್ಲಿ ಹೇಳಿ, ಮೇಸ್ತ್ರಿಯ ಹೆಸರನ್ನೂ ಅವನ ಊರನ್ನೂ ಸೇರಿಸಿದಳು.