ಮೈದಾನದ ಸಭ್ಯತೆ: ಮೆಲ್ಬರ್ನ್‌ಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ಮೆಲ್ಬರ್ನ್‌ಗೆ ಬಂದು ಮೂರು ತಿಂಗಳಾಗುವಷ್ಟರಲ್ಲಿ ಎಂಸಿಜಿಯಲ್ಲಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಫೂಟಿ, ಅಂದರೆ ಆಸ್ಟ್ರೇಲಿಯಾದ ಶೈಲಿಯ ಫುಟ್‌ಬಾಲ್ ಪಂದ್ಯವೊಂದನ್ನು ನೋಡಿದ ನೀವು, ಎರಡೂ ತಂಡಗಳ ಅಭಿಮಾನಿಗಳು ಒಂದೇ ಸಾಲಿನಲ್ಲಿ ಕುಳಿತು, ಗಂಟಲು ಹರಿಯುವಂತೆ ಕೂಗಿಯೂ ಜಗಳವಿಲ್ಲದೆ ಎದ್ದುಹೋದದ್ದನ್ನು ಕಂಡು, "ಇವರಿಗೆ ಸಭ್ಯತೆ ಹುಟ್ಟಿನಿಂದಲೇ ಬಂದಿದೆಯೇ, ನಮ್ಮಲ್ಲಿ ಏಕಿಲ್ಲ?" ಎಂದು ಕೇಳಿದ್ದೀರಿ. ಹದಿನೆಂಟು ವರ್ಷಗಳಿಂದ ಇಲ್ಲಿರುವ ನನಗೆ ಆ ಪ್ರಶ್ನೆಯ ಎರಡೂ ಭಾಗಗಳು ಒಪ್ಪಿಗೆಯಾಗುವುದಿಲ್ಲ.

ನೀವು ಕಂಡದ್ದು ಸುಳ್ಳಲ್ಲ. 2023ರ ಸೆಪ್ಟೆಂಬರ್ 30ರಂದು ನಡೆದ, ಫೂಟಿ ಲೀಗ್‌ನ ಅಂತಿಮ ಪಂದ್ಯವಾದ ಗ್ರ್ಯಾಂಡ್ ಫೈನಲ್‌ನಲ್ಲಿ 1,00,024 ಜನರ ನಡುವೆ ನಾನೂ ಇದ್ದೆ. ಕಾಲಿಂಗ್‌ವುಡ್ 90, ಬ್ರಿಸ್ಬೇನ್ 86. ಕೇವಲ ನಾಲ್ಕು ಅಂಕಗಳ ಅಂತರ. ಕೊನೆಯ ಸೈರನ್ ಮೊಳಗಿದಾಗ ಕಪ್ಪು-ಬಿಳಿ ಪಟ್ಟೆಯ ಜೆರ್ಸಿ ತೊಟ್ಟ ಯುವಕನೊಬ್ಬ ಕುಣಿಯುತ್ತಲೇ ಹಿಂದಕ್ಕೆ ತಿರುಗಿದವನು, ನನ್ನ ಪಕ್ಕದಲ್ಲಿ ಬ್ರಿಸ್ಬೇನ್‌ನ ಮಫ್ಲರ್ ಸುತ್ತಿಕೊಂಡು ಕುಳಿತಿದ್ದ ವೃದ್ಧೆಯ ಮುಖ ನೋಡಿ ತಟ್ಟನೆ ಸುಮ್ಮನಾಗಿ ಕೈ ಚಾಚಿದ. ಆಕೆ ಕೈ ಕುಲುಕಿ, ಆಮೇಲೆ ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು.

ಆದರೆ ಇದೇ ಕಾಲಿಂಗ್‌ವುಡ್‌ನ ಹಳೆಯ ಮೈದಾನ ವಿಕ್ಟೋರಿಯಾ ಪಾರ್ಕ್‌ನಲ್ಲಿ, 1993ರ ಏಪ್ರಿಲ್‌ನಲ್ಲಿ, ಸೇಂಟ್ ಕಿಲ್ಡಾ ತಂಡದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಅವರನ್ನು ಪ್ರೇಕ್ಷಕರು ಬಾಯಿಗೆ ಬಂದಂತೆ ಹೀಯಾಳಿಸಿದ್ದರು. ಪಂದ್ಯ ಗೆದ್ದ ಅವರು ಜೆರ್ಸಿ ಮೇಲೆತ್ತಿ ತಮ್ಮ ಕಪ್ಪು ಮೈಯನ್ನು ಬೆರಳಿಟ್ಟು ತೋರಿಸಿದರು. 1995ರಲ್ಲಿ ಮೈಕಲ್ ಲಾಂಗ್ ಎಂಬ ಇನ್ನೊಬ್ಬ ಮೂಲನಿವಾಸಿ ಆಟಗಾರ ಸುಮ್ಮನಿರಲು ಒಪ್ಪದೆ ದೂರು ಕೊಟ್ಟ ಮೇಲೆ, ಜನಾಂಗೀಯ ನಿಂದನೆಯ ವಿರುದ್ಧ ಲೀಗ್ ನಿಯಮ ಮಾಡಿತು. ಅಷ್ಟಕ್ಕೇ ಎಲ್ಲವೂ ಸರಿಹೋಗಲಿಲ್ಲ. ಆಡಂ ಗುಡ್ಸ್ ಅವರಂಥ ಮಹಾನ್ ಮೂಲನಿವಾಸಿ ಆಟಗಾರ ಪಂದ್ಯದಿಂದ ಪಂದ್ಯಕ್ಕೆ ಜನರ ಅಬ್ಬರದ ಅಣಕ ಕೇಳಿ ಕೇಳಿ 2015ರಲ್ಲಿ ಆಟ ಬಿಟ್ಟರು; ಲೀಗ್ ಮತ್ತು 18 ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ಇಷ್ಟು ತಡವಾದದ್ದು ನನಗೆ ಇಂದಿಗೂ ನೋವಿನ ಸಂಗತಿ. 2023ರ ಆ ದಿನ ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ನಾರ್ಮ್ ಸ್ಮಿತ್ ಪದಕ ಪಡೆದವರು, ವಿನ್ಮಾರ್ ಅವರಂತೆಯೇ ನೂಂಗರ್ ಎಂಬ ಮೂಲನಿವಾಸಿ ಸಮುದಾಯದವರಾದ, ಕಾಲಿಂಗ್‌ವುಡ್‌ನ ಬಾಬಿ ಹಿಲ್. ಈ ನಡುವಿನ ಮೂವತ್ತು ವರ್ಷಗಳಲ್ಲಿ ಯಾರ ರಕ್ತವೂ ಬದಲಾಗಿಲ್ಲ.

ಇನ್ನು ನಮ್ಮ ಊರಿನ ಮಾತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರು ಅಸಭ್ಯರಾಗಿದ್ದರೆಂದು ಹೇಳಲು ನನಗೆ ಮನಸ್ಸು ಬಾರದು. ಖುಷಿಪಡಲು ಬಂದ ಮಕ್ಕಳು ಅವರು. ಅಷ್ಟು ಜನ ಸೇರುವ ಕಡೆ ಇರಬೇಕಾದ ಏರ್ಪಾಡು ಅಲ್ಲಿರಲಿಲ್ಲ. ನೀವು ಇಲ್ಲಿ ನೆಮ್ಮದಿಯಿಂದ ಹೊರಬಂದದ್ದು ನಂಬರು ಹಾಕಿದ ಸೀಟು, ತೆರೆದಿಟ್ಟ ಹಲವು ಗೇಟುಗಳು, ನಡೆದು ಹೋಗುವಷ್ಟು ಹತ್ತಿರದ ರಿಚ್ಮಂಡ್ ಮತ್ತು ಜಾಲಿಮಾಂಟ್ ರೈಲು ನಿಲ್ದಾಣಗಳು, ಮದ್ಯ ನಿಷೇಧಿಸಿದ ಪ್ರೇಕ್ಷಕ ವಿಭಾಗಗಳು ಇರುವುದರಿಂದಲೂ ಹೌದು.

ನಾನು ಬಂದ ಹೊಸತರಲ್ಲಿ, ಒಂದು ಪಂದ್ಯದಲ್ಲಿ ಹಿಂದಿನ ಸಾಲಿನವನೊಬ್ಬ ನನ್ನ ಮೈಬಣ್ಣ ಹಿಡಿದು ಆಡಿಕೊಂಡ. ನಾನು ತಲೆ ತಗ್ಗಿಸಿ ಕುಳಿತೆ. ಎರಡು ಸೀಟು ಆಚೆ ಕುಳಿತಿದ್ದ ಹೆಂಗಸೊಬ್ಬರು ಎದ್ದು ಹೋಗಿ ಸಿಬ್ಬಂದಿಯನ್ನು ಕರೆತಂದು, ತಾವು ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಅವನನ್ನು ಹೊರಗೆ ಕಳುಹಿಸಿದ ಮೇಲೆ ಮತ್ತೆ ಕುಳಿತು ಆಟ ನೋಡಿದರು. ಕಿರುಕುಳದ ಬಗ್ಗೆ ತಿಳಿಸಲು ಈಗ ಎಂಸಿಜಿಯಲ್ಲಿ ಫೋನ್ ಸಂದೇಶದ ಸಂಖ್ಯೆಯೂ ಇದೆ. ಮುಂದಿನ ಸಲ ಹೋದಾಗ ಅದನ್ನು ಬರೆದಿಟ್ಟುಕೊಳ್ಳಿ. ನಿಮಗಾಗಿ ಮಾತ್ರವಲ್ಲ, ಪಕ್ಕದಲ್ಲಿ ಯಾರಾದರೂ ತಲೆ ತಗ್ಗಿಸಿ ಕುಳಿತಿದ್ದರೆ ಅವರಿಗಾಗಿಯೂ.