ತಪ್ಪದೆ ಉಪವಾಸ, ಪ್ರಾರ್ಥನೆ ಮಾಡಿದರೂ ಒಳಗೆ ಖಾಲಿ ಅನಿಸುವುದು ಯಾಕೆ?

ದಿನಾ ಪ್ರಾರ್ಥನೆ ಮಾಡುತ್ತೀರಿ, ಶುಕ್ರವಾರ ಉಪವಾಸ ಇರುತ್ತೀರಿ, ಆದರೂ ಮನಸ್ಸು ದೇವರ ಹತ್ತಿರ ಹೋಗುತ್ತಿಲ್ಲ. ಸತ್ಯವೇದ, ಅಂದರೆ ಬೈಬಲ್, ಹೇಳುವ ಒಳಗಿನ ಭಕ್ತಿ ಯಾವುದು ಅಂತ ಕೇಳಿದ್ದೀರಿ. ನಾನು ಪಾದ್ರಿ ಅಲ್ಲ, ಚಿತ್ರದುರ್ಗದ ಹತ್ತಿರ ಶೇಂಗಾ ಬೆಳೆಯುವವನು. ಖಾಲಿ ಅನಿಸಿದರೆಲ್ಲ ತಪ್ಪು ನಿಮ್ಮದೇ ಅಂತ ಅಂದುಕೊಳ್ಳಬೇಡಿ. ಬೈಬಲಿನ 13ನೇ ಕೀರ್ತನೆಯಲ್ಲಿ ದಾವೀದ ರಾಜನೂ ಇನ್ನೆಷ್ಟು ಕಾಲ ಮುಖ ಮರೆಮಾಡುತ್ತೀ ಅಂತ ದೇವರನ್ನು ಕೇಳಿದ್ದಾನೆ. ಆದರೆ ನನ್ನ ವಿಷಯದಲ್ಲಿ ತಪ್ಪು ನನ್ನದೇ ಆಗಿತ್ತು.

ನಾನೂ ಅಣ್ಣನೂ ಸೇರಿ ಹೊಲದಲ್ಲಿ ಬೋರ್ ಕೊರೆಸಿದೆವು. ಸಾಲ ಅವನ ಹೆಸರಲ್ಲಿತ್ತು, ಅರ್ಧ ನಾನು ಕಟ್ಟುತ್ತೇನೆ ಅಂದಿದ್ದೆ. ನೀರು ಬೀಳಲಿಲ್ಲ. ನಾನು ಕೈ ಎತ್ತಿಬಿಟ್ಟೆ. ಅಣ್ಣ ದಾವಣಗೆರೆಗೆ ಹೋಗಿ ಮೆಕ್ಕೆಜೋಳದ ಮೂಟೆ ಹೊತ್ತು ಸಾಲ ತೀರಿಸತೊಡಗಿದ. ಆ ವರ್ಷ ಈಸ್ಟರ್‌ಗೆ ಮುಂಚಿನ 40 ದಿನ ನಾನು ಮಧ್ಯಾಹ್ನದ ಊಟ ಬಿಟ್ಟೆ, ಕಾಣಿಕೆಯನ್ನೂ ಜಾಸ್ತಿ ಹಾಕಿದೆ. ಪ್ರಾರ್ಥನೆಗೆ ಕೂತರೆ ಮಾತ್ರ ಗೋಡೆ ಜೊತೆ ಮಾತಾಡಿದ ಹಾಗೆ.

ಆಗ ಓದಿದ್ದು ಬೈಬಲಿನ 1 ಸಮುವೇಲ ಪುಸ್ತಕದ 15ನೇ ಅಧ್ಯಾಯ. ಶತ್ರುಗಳಾದ ಅಮಾಲೇಕ್ಯರ ಕುರಿ, ದನ ಯಾವುದನ್ನೂ ಉಳಿಸಬೇಡ ಅಂತ ಇಸ್ರಾಯೇಲಿನ ಸೌಲ ರಾಜನಿಗೆ ದೇವರ ಅಪ್ಪಣೆಯಾಗಿತ್ತು. ಅವನು ಒಳ್ಳೊಳ್ಳೆಯವನ್ನು ಉಳಿಸಿಕೊಂಡ. ಕೇಳಿದರೆ, ದೇವರಿಗೆ ಬಲಿ ಕೊಡಲಿಕ್ಕೆ ಅಂದ! ಬಲಿಗಿಂತ ದೇವರ ಮಾತು ಕೇಳುವುದು ಮೇಲು ಅಂದ ಪ್ರವಾದಿ ಸಮುವೇಲ. ನನ್ನ ಎದೆ ಝಲ್ ಅಂದಿತು. ನಾನು ಹಾಕುತ್ತಿದ್ದ ಕಾಣಿಕೆ ಅಣ್ಣನಿಗೆ ಸೇರಬೇಕಾದ ದುಡ್ಡು. ನಾನು ಉಳಿಸಿಕೊಂಡ ಕುರಿ ಅದು.

ತಪ್ಪು ಒಪ್ಪಿಕೊಂಡ ಮೇಲೂ ಸೌಲನಿಗೆ ಹಿರಿಯರ ಮುಂದೆ ಮರ್ಯಾದೆ ಉಳಿಯಬೇಕಿತ್ತು. ನಾನೂ ಯಾರ ಕೈಯಲ್ಲಾದರೂ ದುಡ್ಡು ಕಳಿಸಿ ಸುಮ್ನೆ ಇದ್ದುಬಿಡೋಣ ಅಂದುಕೊಂಡೆ. ಮುಖ ತೋರಿಸುವುದೇ ಕಷ್ಟ ಅಲ್ವಾ? ಆದರೆ ಮತ್ತಾಯ 5ರಲ್ಲಿ ಯೇಸು ಬೇರೆ ದಾರಿಯನ್ನೇ ಬಿಟ್ಟಿಲ್ಲ. ಬಲಿಪೀಠಕ್ಕೆ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರು ಇದೆ ಅಂತ ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಒಂದಾಗು ಅನ್ನುತ್ತಾರೆ. ನಿನಗೆ ಅವನ ಮೇಲೆ ಅಲ್ಲ, ಅವನಿಗೆ ನಿನ್ನ ಮೇಲೆ. ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಬಲಿಪೀಠ ಇದ್ದದ್ದು ಯೆರೂಸಲೇಮಿನಲ್ಲಿ, 100 ಕಿಲೋಮೀಟರಿಗೂ ಜಾಸ್ತಿ ದೂರ. ಕೇಳಿದವರಿಗೆ ಅದು ದಿನಗಟ್ಟಲೆ ನಡಿಗೆ. ನನಗೆ ದಾವಣಗೆರೆ ಬರೀ 60 ಕಿಲೋಮೀಟರ್, ಬಸ್ಸಿತ್ತು.

ಈಸ್ಟರ್ ಕಾಣಿಕೆಗೆ ಅಂತ ಎತ್ತಿಟ್ಟಿದ್ದ ದುಡ್ಡು ತಗೊಂಡು ಹೋದೆ. ಅಣ್ಣ ಮುಖ ಕೊಡಲಿಲ್ಲ. ತಪ್ಪು ನನ್ನದು, ಉಳಿದದ್ದು ಮುಂದಿನ ಬೆಳೆಗೆ ಕೊಡುತ್ತೇನೆ ಅಂದೆ. ಅವನು ದುಡ್ಡು ಎಣಿಸಲೂ ಇಲ್ಲ, ಅತ್ತಿಗೆ ಕೈಗೆ ಕೊಟ್ಟ. ಸ್ವಲ್ಪ ಹೊತ್ತು ಬಿಟ್ಟು "ಉಂಡು ಹೋಗು" ಅಂದ. ಉಪವಾಸದ ಮಧ್ಯಾಹ್ನ ಅದು. ಅವನ ಪಕ್ಕದಲ್ಲಿ ಕೂತು ಉಂಡೆ.