ಹಾಲು ಕರೆಯುವಾಗ ಬಂದ ಕವನದ ಸಾಲನ್ನು ಏನು ಮಾಡುವುದು?

ಅಕ್ಕಾ, ನಮಸ್ಕಾರ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಹುಲ್ಲು ಕುಯ್ದು ತಂದು, ಸಂಜೆ ಮತ್ತೆ ಹಾಲು. ಇದರ ನಡುವೆ ಕವನಕ್ಕೆ ಕೂತರೆ ನಾಲ್ಕು ಸಾಲಿಗೇ ನಿಂತುಬಿಡುತ್ತದೆ, ಕವಿಗಳು ದಿನ ಹೇಗೆ ಕಳೆಯುತ್ತಾರೆ, ಏನು ಓದುತ್ತಾರೆ ಅಂತ ಕೇಳಿದ್ದೀರಿ. ನಾನು ಪಾಂಡವಪುರದ ಕಡೆ ಭತ್ತ, ಕಬ್ಬು ಮಾಡಿಕೊಂಡು ಬರೆಯುವವನು. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಕವಿ ಅಂದರೆ ಪುರುಸೊತ್ತು ಇರುವವರು ಅನ್ನುವುದನ್ನು ಮೊದಲು ತಲೆಯಿಂದ ತೆಗೆದುಹಾಕಿ. ನಮ್ಮ ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯಲ್ಲಿ ದುಡಿಯುತ್ತಲೇ ಬರೆದವರು. ಮೇಲುಕೋಟೆಯ ಪು.ತಿ.ನ. ಅವರದ್ದೂ ಕಚೇರಿ ಕೆಲಸವೇ. ಕುವೆಂಪು ಕಾಲೇಜಿನಲ್ಲಿ ಪಾಠ ಹೇಳಿಕೊಂಡೇ ಶ್ರೀ ರಾಮಾಯಣ ದರ್ಶನಂ ಬರೆದರು. ಅದಕ್ಕೆ ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು. ಅವರು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಕಡೆ ವಾಕಿಂಗ್ ಹೋಗುತ್ತಿದ್ದರು, ಆ ಕೆರೆಯ ಮೇಲೆಯೇ ಕವನ ಬರೆದಿದ್ದಾರೆ. ನಡೆಯುವಾಗ ಕೈಯಲ್ಲಿ ಪೆನ್ನು ಇರಲಿಲ್ಲ ಅಂತ ಕವನ ನಿಲ್ಲುವುದಿಲ್ಲ, ಅಲ್ವಾ?

ನಿಮಗೂ ಅದನ್ನೇ ಹೇಳುತ್ತೇನೆ. ನಿಮ್ಮ ಸಾಲುಗಳು ನಿಲ್ಲುತ್ತಿರುವುದು ಟೈಮ್ ಇಲ್ಲದ್ದಕ್ಕಲ್ಲ. ಒಂದೇ ಸಲ ಕೂತು ಮುಗಿಸಬೇಕು ಅಂತ ಹೊರಡುತ್ತೀರಿ, ಅದಕ್ಕೆ. ಹಾಲು ಕರೆಯುವಾಗ ಒಂದು ಸಾಲು ಬಂತು ಅನ್ನಿ. ಎದ್ದು ಓಡಬೇಡಿ. ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ ಕೆಲಸ ಮುಂದುವರಿಸಿ. ಹತ್ತಾರು ಸಲ ಹೇಳುವಷ್ಟರಲ್ಲಿ ಬೇಡದ ಪದ ತಾನಾಗಿ ಉದುರುತ್ತದೆ. ಮರೆತುಹೋಗುವ ಭಯ ಇದ್ದರೆ ಮೊಬೈಲಿನಲ್ಲಿ ವಾಯ್ಸ್ ರೆಕಾರ್ಡ್ ಮಾಡಿಡಿ. ರಾತ್ರಿ ಊಟ ಆದಮೇಲೆ ಒಂದು ನೋಟ್‌ಬುಕ್ಕಿಗೆ ಇಳಿಸಿ, ತಾರೀಖು ಹಾಕಿ. ಬಲಗಡೆ ಪುಟ ಖಾಲಿ ಬಿಡಿ, ತಿದ್ದುವುದಕ್ಕೆ. ಹಳೆಯದನ್ನು ಹೊಡೆದುಹಾಕಿದರೂ ಓದುವ ಹಾಗೆ ಒಂದೇ ಗೆರೆ ಎಳೆಯಿರಿ. ಎಷ್ಟೋ ಸಲ ಮೊದಲು ಬರೆದದ್ದೇ ಸರಿ ಇರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು "ಸ್ಫೂರ್ತಿ ಬಂದಾಗ ಮಾತ್ರ ಬರೆಯಿರಿ" ಅಂದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಬರೆದು ಇಟ್ಟದ್ದನ್ನು ಮತ್ತೆ ತೆಗೆದು ಓದುವಾಗಲೇ ಮುಂದಿನ ಸಾಲು ಸಿಗುವುದು ಜಾಸ್ತಿ. ಆದ್ದರಿಂದ ದಿನಾ ಬರೆಯದಿದ್ದರೂ ಪರವಾಗಿಲ್ಲ, ದಿನಾ ನೋಟ್‌ಬುಕ್ ತೆರೆಯಿರಿ.

ಇನ್ನು ಓದು. ಇಲ್ಲಿ ನಾನು ಸ್ವಲ್ಪ ಹಟಮಾರಿ. ಕವನವನ್ನು ಗಟ್ಟಿಯಾಗಿ ಓದಬೇಕು. ಕಣ್ಣಲ್ಲಿ ಓದಿದರೆ ಅರ್ಥ ಸಿಗಬಹುದು, ಲಯದ ನಡೆ ಸಿಗುವುದಿಲ್ಲ. ಕುಮಾರವ್ಯಾಸನ ಭಾರತದಿಂದ ದಿನಕ್ಕೆ ಒಂದೇ ಪದ್ಯ ಓದಿ ಸಾಕು. ಅರ್ಥ ಅರ್ಧ ಆಗದಿದ್ದರೂ ಬಿಡಬೇಡಿ, ಗಮಕಿಗಳು, ಅಂದರೆ ಕಾವ್ಯವನ್ನು ರಾಗವಾಗಿ ಓದುವವರು, ಹಾಡಿದ್ದು ಸಿಕ್ಕರೆ ಕೇಳಿ. ಆ ಭಾರತ ಇರುವುದು ಭಾಮಿನಿ ಷಟ್ಪದಿ ಅನ್ನುವ ಛಂದಸ್ಸಿನಲ್ಲಿ. ಆರು ಸಾಲು. 1, 2, 4, 5ನೇ ಸಾಲು ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಮಾತ್ರೆ ಅಂದರೆ ಅಕ್ಷರ ಹೇಳುವುದಕ್ಕೆ ಹಿಡಿಯುವ ಕಾಲದ ಅಳತೆ. 3 ಮತ್ತು 6ನೇ ಸಾಲಲ್ಲಿ ಇದೇ ಮೂರು-ನಾಲ್ಕು ಮೂರು ಸಲ ಬಂದು, ಕೊನೆಗೆ ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಲೆಕ್ಕ ಸುಲಭ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘ ಇದ್ದರೆ, ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಬಂದರೆ ಎರಡು.

ನೀವು ಹೀಗೆ ಬರೆದಿರಿ ಅಂದುಕೊಳ್ಳಿ:

ಕಬ್ಬಿನ ಎಲೆಗಳ ಮೇಲೆ ಮಂಜಿನ

ಬೆರಳು ಮಡಚಿ ಎಣಿಸಿ. ನಾಲ್ಕು, ನಾಲ್ಕು, ಮೂರು, ನಾಲ್ಕು. ಶುರುವಿನಲ್ಲೇ ಒಂದು ಮಾತ್ರೆ ಜಾಸ್ತಿ. ಈಗ ಸೇರಿಸಿ ಹೇಳಿ:

ಕಬ್ಬಿನೆಲೆಗಳ ಮೇಲೆ ಮಂಜಿನ

"ಕಬ್ಬಿ" ಮೂರು, "ನೆಲೆಗಳ" ನಾಲ್ಕು, "ಮೇಲೆ" ಮೂರು, "ಮಂಜಿನ" ನಾಲ್ಕು. ಒಂದು ಸಂಧಿಯಲ್ಲಿ ಸಾಲು ನಡೆಯುವುದಕ್ಕೆ ಶುರುವಾಯಿತು. ಎರಡನೇ ಅಕ್ಷರದ ಪ್ರಾಸ ಬೇಕಿದ್ದರೆ ಮುಂದಿನ ಸಾಲು "ಹಬ್ಬ ಬಂದಿತು ಮನೆಯ ಬಾಗಿಲ" ಅಂತ ಹೋಗಬಹುದು. ನೀವು ಷಟ್ಪದಿಯಲ್ಲೇ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಇವತ್ತು ಮುಕ್ತವಾಗಿ ಬರೆಯುವವರೇ ಹೆಚ್ಚು, ನಾನೂ ಹಾಗೇ ಬರೆಯುತ್ತೇನೆ. ಆದರೆ ಕಿವಿ ಹದವಾದ ಮೇಲೆ ಮುಕ್ತವಾಗಿ ಬರೆದರೆ ಸಾಲನ್ನು ಎಲ್ಲಿ ಮುರಿಯಬೇಕು ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಗದ್ಯವನ್ನೇ ತುಂಡು ಮಾಡಿ ಒಂದರ ಕೆಳಗೊಂದು ಇಟ್ಟ ಹಾಗೆ ಆಗುತ್ತದೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಸೋಬಾನೆ ಪದ, ರಾಗಿ ಬೀಸುವ ಪದ ಬಲ್ಲ ಅಜ್ಜಿಯರು ಇದ್ದರೆ ಅವರ ಹತ್ತಿರ ಕೂತು ಹಾಡಿಸಿ, ಬರೆದುಕೊಳ್ಳಿ. ಇದನ್ನು ಮುಂದಕ್ಕೆ ಹಾಕಬೇಡಿ. ಇಂಥ ಎಷ್ಟೋ ಪದಗಳು ತ್ರಿಪದಿಯಲ್ಲಿವೆ. ತ್ರಿಪದಿ ಅಂದರೆ ಮೂರೇ ಸಾಲು, ಅಷ್ಟರಲ್ಲೇ ತವರು, ಗಂಡನ ಮನೆ, ಮಗುವಿನ ನಗು ಎಲ್ಲ ಬಂದುಹೋಗುತ್ತದೆ. ಕೆಲಸ ಮಾಡುತ್ತಾ ಕಟ್ಟಿದ ಕವಿತೆ ಅದು. ನಿಮ್ಮ ದಿನಕ್ಕೆ ಅದಕ್ಕಿಂತ ಹತ್ತಿರದ ಪಾಠ ಬೇರೆ ಇಲ್ಲ.

ಬೇರೆಯವರನ್ನು ಓದಿದರೆ ನಮ್ಮತನ ಹೋಗುತ್ತದೆ ಅಂತ ಹೆದರಿಸುವವರ ಮಾತು ಕೇಳಬೇಡಿ. ಒಬ್ಬರನ್ನೇ ಓದಿದರೆ ಅವರ ಹಾಗೆ ಬರೆಯುತ್ತೇವೆ, ಸುಮಾರು ಜನರನ್ನು ಓದಿದರೆ ಹಾಗಾಗುವುದಿಲ್ಲ. ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಪಂಚಾಯ್ತಿ ಲೈಬ್ರರಿಯಲ್ಲಿ ಕೇಳಿ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ.

ಕಳಿಸುವ ವಿಚಾರ ಕಡೆಗೆ. ಬರೆದ ದಿನವೇ ಸ್ಟೇಟಸ್‌ಗೆ ಹಾಕಬೇಡಿ. ಒಂದಷ್ಟು ವಾರ ಇಟ್ಟು, ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ಅವರು ಎಲ್ಲಿ ಮೊಬೈಲ್ ಕಡೆ ನೋಡುತ್ತಾರೋ ಆ ಸಾಲನ್ನು ತಿದ್ದಿ. ತಾಲ್ಲೂಕಿನ ಕವಿಗೋಷ್ಠಿಗೆ ಹೆಸರು ಕೊಡಿ, ದಸರಾ ಸಮಯದಲ್ಲಿ ಮೈಸೂರಿಗೆ ಹೋದರೆ ಅಲ್ಲಿನ ಕವಿಗೋಷ್ಠಿಯಲ್ಲಿ ಕೂತು ಕೇಳಿ. ಪತ್ರಿಕೆಗೆ ಕಳಿಸುವುದಾದರೆ ಒಂದು ಕವನ ಒಂದೇ ಕಡೆಗೆ. ಯಾವುದನ್ನು ಎಲ್ಲಿಗೆ ಯಾವತ್ತು ಕಳಿಸಿದಿರಿ ಅಂತ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.